ತಂತಿಯ ಕೊನೆಯ ಕೋಣೆ

ಕಪಿಲೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಒಬ್ಬರು ಗುರುಗಳು, ಅವರ ಬಳಿ ಕಪಿನೀಪತಿ ಎಂಬ ಶಿಷ್ಯ.

ಇಂಥ ಕಥೆಗೆ ಇಷ್ಟು ಸಾಕು. ಆದರೆ ಇದರಲ್ಲಿ ಒಂದು ಕ್ಯಾಮೆರಾ, ಎರಡು ಟೀವಿ, ನೂರು ಗಜ ಕೇಬಲ್ಲು ಕೂಡ ಇವೆ. ಅವತ್ತು ಏಣಿ ಹಿಡಿದು ನಿಂತವನು ನಾನೇ. ಹಾಗಾಗಿ ಅವನ್ನು ಬಿಟ್ಟು ಹೇಳಲು ಮನಸ್ಸು ಒಪ್ಪುವುದಿಲ್ಲ.

ನಾನಾಗ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಬೇಸಿಗೆ ರಜ ಬಂತೆಂದರೆ ಆಶ್ರಮಕ್ಕೆ ಓಟ. ಅರ್ಧ ವೇದಾಂತಕ್ಕೆ, ಇನ್ನರ್ಧ ಸಾತಜ್ಜಿಯ ಸಾರಿಗೆ. ಗುರುಗಳಿಗೂ ಇದು ಗೊತ್ತಿತ್ತು. ಬಂದ ಕೂಡಲೇ, ಮೊದಲು ಅಡುಗೆಮನೆಗೆ ಹೋಗಿ ನಮಸ್ಕಾರ ಮಾಡಿ ಬಾ ಎನ್ನುತ್ತಿದ್ದರು.

ಸಾತಜ್ಜಿ ಆಶ್ರಮದ ಅಡುಗೆಯವರು. ಗುರುಗಳು ಮಹಡಿಯ ಸಭಾಂಗಣದಲ್ಲಿ ದಿನಾ ಒಂಬತ್ತರಿಂದ ಹನ್ನೊಂದರವರೆಗೆ ಉಪನಿಷತ್ತಿನ ಪಾಠ ಹೇಳುವರು. ಹನ್ನೊಂದೂವರೆಗೆ ಎಲೆ ಬೀಳಬೇಕು. ಹೀಗಾಗಿ ಪಾಠ ಹನ್ನೆರಡು ವರ್ಷ ನಡೆದರೂ ಅಜ್ಜಿ ಒಂದು ದಿನವೂ ಮೆಟ್ಟಿಲು ಹತ್ತಿ ಕೂತು ಕೇಳಲಿಲ್ಲ.

ಮೇಲಿನಿಂದ ಧ್ವನಿ ಮಾತ್ರ ಇಳಿದು ಬರುತ್ತಿತ್ತು. ರುಬ್ಬುಗುಂಡು ನಿಲ್ಲಿಸಿದರೆ ನಾಲ್ಕು ಮಾತು. ತಿರುಗಿಸಿದರೆ ಅದೂ ಇಲ್ಲ.

ಆ ವರ್ಷ ಶಂಕರ ಜಯಂತಿಯ ದಿನ ಪಾಠ ಮುಗಿಯುವುದೆಂದು ನಿಶ್ಚಯವಾಯಿತು. ಅದಕ್ಕೆ ಇಪ್ಪತ್ತು ದಿನ ಮುಂಚೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮೂರು ತಿಂಗಳು ಅಲುಗಾಡಿಸಕೂಡದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಉಗ್ರಾಣದ ಹಿಂದಿನ ಕೋಣೆಯಲ್ಲಿ ಮಲಗಿಸಿದ್ದಾಯಿತು.

ಗುರುಗಳು ನೋಡಲು ಹೋದರು. ನೋವು ಹೇಗಿದೆ ಎಂದು ಕೇಳಿದರು. ಅಜ್ಜಿ ನೋವಿನ ಮಾತೇ ಎತ್ತಲಿಲ್ಲ.

"ಊಟ ಮಾಡೋ ಮುಖ ಹನ್ನೆರಡು ವರ್ಷ ನೋಡಿದೀನಿ ಗುರುಗಳೇ. ಪಾಠ ಹೇಳೋ ಮುಖ ಹೆಂಗಿರತ್ತೋ ಒಂದು ಸಲನೂ ನೋಡಲಿಲ್ಲ."

ಗುರುಗಳು ಎದ್ದು ಬಂದರು. ಬಂದವರೇ ಕಪಿನೀಪತಿಯನ್ನು ಕರೆದರು.

ಕಪಿನೀಪತಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವನು. ಆಶ್ರಮ ಸೇರುವ ಮುಂಚೆ ನಾಲ್ಕು ವರ್ಷ ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದ. ಜಪಮಾಲೆಗಿಂತ ಸ್ಕ್ರೂಡ್ರೈವರೇ ಅವನ ಕೈಗೆ ಚೆನ್ನಾಗಿ ಕೂರುತ್ತಿತ್ತು.

"ಮೇಲಿನ ಕೋಣೇನ ಕೆಳಗಿನ ಕೋಣೆಗೆ ತರೋಕಾಗತ್ತಾ?" ಎಂದರು ಗುರುಗಳು.

"ಮುಖ, ಮಾತು ಎರಡನ್ನೂ ತರಬಹುದು ಗುರುಗಳೇ."

"ಯಾರಿಗೆ ಅನ್ನೋದು ಗೊತ್ತಲ್ಲ?"

"ಸಾತಜ್ಜಿಗೆ."

ಮೈಸೂರಿನಲ್ಲಿ ರೇಷ್ಮೆ ಅಂಗಡಿ ಇಟ್ಟಿದ್ದ ರುಕ್ಮಾಂಗದಯ್ಯನವರು ಸುದ್ದಿ ತಿಳಿದು ಕ್ಯಾಮೆರಾ, ಎರಡು ಟೀವಿ, ಕೇಬಲ್ಲು ಎಲ್ಲವನ್ನೂ ಕಳಿಸಿಕೊಟ್ಟರು. ಒಂದು ಟೀವಿ ಊಟದ ಹಾಲಿಗೆ, ಮಹಡಿಯಲ್ಲಿ ಜಾಗ ಸಾಲದವರು ಅಲ್ಲಿ ಕೂತು ನೋಡಲಿ ಎಂದು. ಇನ್ನೊಂದು ಅಜ್ಜಿಗೆ.

ಕಪಿನೀಪತಿ ತಂತಿ ಎಳೆದ. ಏಣಿ ನನ್ನ ಪಾಲಿಗೆ ಬಂತು. ಮಹಡಿಯ ಕ್ಯಾಮೆರಾದಿಂದ ಹೊರಟ ತಂತಿ ಊಟದ ಹಾಲಿನ ಟೀವಿಯ ಬೆನ್ನಿಗೆ ಬಂದು, ಅಲ್ಲಿಂದ ಹೊರಟು, ಅತಿಥಿಗಳ ಕೋಣೆಯ ಪಕ್ಕ ಹಾದು, ಉಗ್ರಾಣ ಸುತ್ತಿ ಅಜ್ಜಿಯ ಕಿಟಕಿಗೆ ಮುಟ್ಟಿತು. ನಾನು ಏಣಿಯನ್ನು ಗಟ್ಟಿಯಾಗಿ ಹಿಡಿಯಲಿಲ್ಲ ಎಂದು ಅವನು ಈಗಲೂ ಹೇಳುತ್ತಾನೆ. ಅದು ಬೇರೆ ವಿಷಯ.

ಅಷ್ಟರಲ್ಲಿ ರುಕ್ಮಾಂಗದಯ್ಯನವರೇ ಬಂದು ಅತಿಥಿಗಳ ಕೋಣೆಯಲ್ಲಿ ಇಳಿದುಕೊಂಡರು. ಜಯಂತಿಗೆ ಇನ್ನೂ ಐದು ದಿನ. ಅವರಿಗೆ ಮಂಡಿನೋವು. ಮಹಡಿ ಹತ್ತಲಾರರು, ಊಟದ ಹಾಲಿನಲ್ಲಿ ನೆಲದ ಮೇಲೆ ಕೂರಲಾರರು. ಹೇಗೂ ತಂತಿ ನನ್ನ ಕೋಣೆಯ ಪಕ್ಕದಲ್ಲೇ ಹೋಗುತ್ತದಲ್ಲ, ಆ ಎರಡನೆಯ ಟೀವಿ ಸದ್ಯಕ್ಕೆ ಇಲ್ಲಿರಲಿ, ಆಮೇಲೆ ಅಜ್ಜಿಗೆ ಕೊಡುವೆಯಂತೆ ಎಂದರು.

ಕೊಟ್ಟವರೇ ಕೇಳಿದರೆ ಇಲ್ಲ ಎನ್ನುವುದು ಹೇಗೆ? ಕಪಿನೀಪತಿ ಅವರ ಕೋಣೆಯಲ್ಲಿ ಟೀವಿ ಕೂರಿಸಿ, ತಂತಿಯನ್ನು ಅಲ್ಲಿ ಕತ್ತರಿಸಿ ಎರಡೂ ತುದಿಗಳನ್ನು ಅದಕ್ಕೆ ಸೇರಿಸಿದ. ಮುಂದಿನ ತಂತಿಯನ್ನು ಬಿಚ್ಚಲಿಲ್ಲ. ಅದರ ತುದಿಯನ್ನು ಅಜ್ಜಿಯ ಕಿಟಕಿ ಸರಳಿಗೆ ಸುತ್ತಿ ಬಂದ.

ಮೊದಲ ದಿನ ಟೀವಿ ಹಾಕಿದರೆ, ಪರದೆಯ ಮೇಲೆ ಇಬ್ಬರು ಗುರುಗಳು.

ಒಬ್ಬರು ಸ್ಪಷ್ಟವಾಗಿ. ಅವರ ಪಕ್ಕಕ್ಕೆ ಅರ್ಧ ಬೆರಳು ಸರಿದು ಇನ್ನೊಬ್ಬರು, ಮಸುಕಾಗಿ. ಇವರು ಕೈಯೆತ್ತಿದರೆ ಅವರೂ ಎತ್ತುವರು.

ಊಟದ ಹೊತ್ತಿಗೆ ರುಕ್ಮಾಂಗದಯ್ಯನವರು ಹಾಲಿಗೇ ಬಂದು, ಕಪಿನೀಪತಿಗೆ, ಹನ್ನೆರಡು ವರ್ಷ ಕಷ್ಟಪಟ್ಟು ಅದ್ವೈತ ಹೇಳಿದರು, ನಿನ್ನ ಪೆಟ್ಟಿಗೆ ಒಂದೇ ದಿನಕ್ಕೆ ದ್ವೈತ ಮಾಡಿಬಿಟ್ಟಿತಲ್ಲೋ ಎಂದರು. ಇಡೀ ಪಂಕ್ತಿ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಗುರುಗಳು. ಊಟಕ್ಕೆ ಯಾರನ್ನು ಕರೆಯುತ್ತೀರಿ, ನನ್ನನ್ನೋ ಅವರನ್ನೋ ಎಂದು ಕೇಳಿದರು.

ಕಪಿನೀಪತಿಗೆ ಮಾತ್ರ ನಗು ಬರಲಿಲ್ಲ.

ಅಂದಿನಿಂದ ಶುರುವಾಯಿತು. ಕ್ಯಾಮೆರಾ ಬಿಚ್ಚಿ ಒರೆಸಿದ. ಕೇಬಲ್ಲಿನ ಬೆಸುಗೆಗಳನ್ನೆಲ್ಲ ತೆಗೆದು ಮತ್ತೆ ಹಾಕಿದ. ಮೈಸೂರಿಗೆ ಹೋಗಿ ಚಿತ್ರಕ್ಕೆ ಬಲ ಕೊಡುವ ಬೂಸ್ಟರ್ ತಂದ. ಅದನ್ನು ಹಾಕಿದ ಮೇಲೆ ಇಬ್ಬರು ಗುರುಗಳೂ ಇನ್ನಷ್ಟು ತೇಜಸ್ಸಿನಿಂದ ಬೆಳಗಿದರು. ಹೊಸ ಬೂಸ್ಟರ್ ತಂದ. ತೇಜಸ್ಸು ಮತ್ತೂ ಹೆಚ್ಚಿತು.

ದಿನಾ ಮಹಡಿಯಿಂದಲೇ ಆರಂಭ. ಚಿತ್ರ ಅಲ್ಲಿ ಹುಟ್ಟುತ್ತದೆ, ಹಾಗಾಗಿ ದೋಷವೂ ಅಲ್ಲೇ ಹುಟ್ಟಿರಬೇಕು ಎಂಬುದು ಅವನ ವಾದ. ನಾನೂ ಹೌದೆಂದೆ. ನನಗೇನು ಗೊತ್ತು, ನಾನು ಕಾಲೇಜಿನಲ್ಲಿ ಹೇಳುತ್ತಿದ್ದದ್ದು ಇತಿಹಾಸ.

ಮೂರನೆಯ ದಿನ ಗುರುಗಳು ಅವನನ್ನು ವಿಚಾರಿಸಿದರು. ಅಜ್ಜಿಗೆ ಟೀವಿ ಯಾವಾಗ ಎಂದರು.

"ಚಿತ್ರ ಸರಿಹೋಗಲಿ ಗುರುಗಳೇ. ಸರಿಹೋದ ಕೂಡಲೇ ಕೊಡೋದೇ. ಅಜ್ಜಿಗೆ ಎರಡೆರಡು ತೋರಿಸಿದರೆ ಚೆನ್ನಾಗಿರಲ್ಲ."



ಜಯಂತಿಯ ಹಿಂದಿನ ದಿನ ಬೆಳಿಗ್ಗೆ ಅವರು ಕಪಿನೀಪತಿಯನ್ನು ಊಟದ ಹಾಲಿಗೆ ಕರೆದುಕೊಂಡು ಹೋದರು. ಹಾಲು ಹೊಸದಾಗಿ ಕಟ್ಟಿಸಿದ್ದು. ಆಗ ಪೂರ್ತಿ ಖಾಲಿ. ಗುರುಗಳು ಬಾಗಿಲಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಎದುರು ಗೋಡೆಗೆ ಹೋಗಿ ವಾಪಸ್ ಬಂತು.

"ಕೇಳಿಸಿತಾ?"

"ಕೇಳಿಸಿತು. ಎರಡು ಸಲ."

ಗುರುಗಳು ಪಾಠಕ್ಕೆ ಹೊರಟುಹೋದರು. ಇವನು ಬೂಸ್ಟರ್ ಹಿಡಿದುಕೊಂಡು ಅವರ ಹಿಂದೆಯೇ ಮಹಡಿ ಹತ್ತಿದ.

ಮಧ್ಯಾಹ್ನ ಪಂಕ್ತಿ ಕೂತಿತ್ತು. ಇನ್ನೂರು ಎಲೆ. ಸಾರು ಬಡಿಸುತ್ತಿದ್ದರು. ಸಾತಜ್ಜಿಯ ಸಾರಲ್ಲ. ಆ ದುಃಖ ಬೇಡ. ಗುರುಗಳು ಬಂದು ಅದೇ ಬಾಗಿಲಲ್ಲಿ ನಿಂತು ಅದೇ ಚಪ್ಪಾಳೆ ತಟ್ಟಿದರು. ಎಲ್ಲರೂ ತಿರುಗಿ ನೋಡಿದರು. ಗುರುಗಳು ತಮ್ಮ ಎಲೆಯ ಮುಂದೆ ಕೂತು, ಪಕ್ಕದಲ್ಲಿದ್ದ ಕಪಿನೀಪತಿಯನ್ನು ಕೇಳಿದರು.

"ಈಗ ಎಷ್ಟು ಸಲ?"

"ಒಂದೇ ಸಲ."

"ಇನ್ನೊಂದು ಏನಾಯಿತು?"

"ಜನ ಕೂತಿದ್ದಾರಲ್ಲ ಗುರುಗಳೇ. ಹೀರಿಕೊಂಡುಬಿಟ್ಟರು. ವಾಪಸ್ ಬರೋಕೆ ಏನೂ..."

ಮಾತು ಅಲ್ಲಿಗೇ ನಿಂತಿತು. ಕಲಸಿದ ಅನ್ನ ಕೈಯಲ್ಲೇ ಇತ್ತು. ಅವನು ಎಲೆ ಬಿಟ್ಟು ಎದ್ದು ಓಡಿದ. ಗುರುಗಳು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ನಾನೂ ಹಿಂದೆಯೇ ಹೋದೆ. ಅವನು ಆ ಐದು ದಿನದಲ್ಲಿ ಮೊದಲ ಸಲ ತಂತಿಯ ಕೊನೆಯ ಕಡೆಗೆ ಓಡುತ್ತಿದ್ದ. ಅತಿಥಿಗಳ ಕೋಣೆ ದಾಟಿ, ಉಗ್ರಾಣ ಸುತ್ತಿ, ಅಜ್ಜಿಯ ಕೋಣೆಗೆ. ಅಲ್ಲಿ ತಂತಿಯ ತುದಿ ಏನಕ್ಕೂ ಸೇರದೆ ಕಿಟಕಿಯಲ್ಲಿ ನೇತಾಡುತ್ತಿತ್ತು. ಅಜ್ಜಿಯ ನಶ್ಯದ ಚೀಲವನ್ನು ಯಾರೋ ಅದಕ್ಕೇ ತಗುಲಿಹಾಕಿದ್ದರು.

"ಟೀವಿ ಬಂತೇನೋ ಮಗಾ?" ಎಂದರು ಅಜ್ಜಿ, ಮಲಗಿದಲ್ಲಿಂದಲೇ.

"ಬರತ್ತೆ ಅಜ್ಜಿ. ಇನ್ನೇನು."

ಅವನು ಚೀಲ ತೆಗೆದಿಟ್ಟ. ಜೇಬಿನಿಂದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ರೆಸಿಸ್ಟರ್ ತೆಗೆದು ತಂತಿಯ ತುದಿಗೆ ಸೇರಿಸಿ ತಿರುಚಿದ. ಮತ್ತೆ ಸರಳಿಗೆ ಕಟ್ಟಿದ. ಹಾಲಿಗೆ ವಾಪಸ್ ಓಡಿದೆವು. ಟೀವಿಯಲ್ಲಿ ಮಹಡಿಯ ವ್ಯಾಸಪೀಠ, ಗುರುಗಳು ಕೂತು ಪಾಠ ಹೇಳುವುದು. ಒಂದೇ ಪೀಠ. ಅಂಚು ಕೆತ್ತಿಟ್ಟ ಹಾಗೆ.

ಅಂದು ಅವನಿಗೆ ಸಿಕ್ಕ ಶಹಭಾಸ್‌ಗಿರಿ ಅಷ್ಟಿಷ್ಟಲ್ಲ. ರುಕ್ಮಾಂಗದಯ್ಯನವರು ಬೆನ್ನು ತಟ್ಟಿದರು. ಅವನು ಎರಡನೆಯ ಸಲ ಊಟಕ್ಕೆ ಕೂತು ಮೂರು ಹೋಳಿಗೆ ತಿಂದ. ಸಂತೋಷದಲ್ಲಿ ಅಜ್ಜಿಗೆ ಟೀವಿ ಕೊಡುವ ವಿಷಯ ಮರೆತೇಹೋಯಿತು. ಇಲ್ಲ, ಮರೆತಿರಲಾರ. ನಾಳೆ ಒಂದು ದಿನ ಕಳೆಯಲಿ ಎಂದುಕೊಂಡಿರಬೇಕು. ನಾನೂ ಕೇಳಲಿಲ್ಲ.

ಜಯಂತಿಯ ಬೆಳಿಗ್ಗೆ ಎಂಟು ಗಂಟೆ. ಗುರುಗಳು ಸ್ನಾನ, ಪೂಜೆ ಮುಗಿಸಿ ಮಹಡಿಗೆ ಹೋಗಬೇಕು. ಹಾಲಿನ ಟೀವಿಯ ಮುಂದೆ ನಿಂತರು. ಚಿತ್ರ ನೋಡಿ ತಲೆದೂಗಿ ಕಪಿನೀಪತಿಯನ್ನು ಕೇಳಿದರು.

"ಏನು ಮಾಡಿದೆ?"

"ತಂತಿಯ ಕೊನೆ ಬರಿದಾಗಿತ್ತು ಗುರುಗಳೇ. ಹೋದ ಚಿತ್ರ ಅಲ್ಲಿಗೆ ಬಡಿದು ವಾಪಸ್ ಬರ್ತಿತ್ತು. ಒಂದು ರೆಸಿಸ್ಟರ್ ಹಾಕಿದೆ, ಬಂದದ್ದನ್ನ ಅದು ಹೀರಿಕೊಳ್ಳತ್ತೆ. ಅದು ಇದ್ದರೆ, ಕೊನೇಲಿ ಯಾರೋ ಕೂತು ನೋಡ್ತಾ ಇದಾರೆ ಅಂತ ತಂತಿ ನಂಬತ್ತೆ."

"ನಂಬಿತಾ?"

"ನಂಬಿತು."

"ಎಲ್ಲಿ, ತೋರಿಸು."

ಮೂವರೂ ಅಜ್ಜಿಯ ಕೋಣೆಗೆ ಹೋದೆವು. ಗುರುಗಳು ಕಿಟಕಿಯ ಬಳಿ ನಿಂತು ಆ ಚೂರನ್ನು ನೋಡಿದರು. ಅಜ್ಜಿ ಕೈಮುಗಿದರು.

"ಮಗು ನಿನ್ನೆ ಅದನ್ನ ಕಟ್ಟಿ ಹೋದ ಗುರುಗಳೇ. ಅದರಲ್ಲೇ ಕಾಣತ್ತೇನೋ ಅಂತ ಆಗಿಂದ ನೋಡ್ತಾನೇ ಇದೀನಿ. ನನ್ನ ಕಣ್ಣೇ ಮಂಜೋ ಏನೋ, ಇನ್ನೂ ಏನೂ ಕಾಣಿಸಿಲ್ಲ."

ಕಪಿನೀಪತಿ ತಲೆ ಎತ್ತಲಿಲ್ಲ. ನಾನೂ ಗೋಡೆ ನೋಡಿದೆ.

ಗುರುಗಳು ನೇರವಾಗಿ ಅತಿಥಿಗಳ ಕೋಣೆಗೆ ನಡೆದರು. ರುಕ್ಮಾಂಗದಯ್ಯನವರು ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತ ಖಾಲಿ ಪೀಠವನ್ನೇ ಭಕ್ತಿಯಿಂದ ನೋಡುತ್ತಿದ್ದರು. ಗುರುಗಳು ಸ್ವಿಚ್ ಆರಿಸಿ, ಬಗ್ಗಿ, ಟೀವಿಗೆ ಎರಡೂ ಕೈ ಹಾಕಿದರು. ಆ ಕಾಲದ ಟೀವಿ ಎಂದರೆ ಅರ್ಧ ಮೂಟೆ ಅಕ್ಕಿಯ ಭಾರ. ಗುರುಗಳಿಗೆ ಎಪ್ಪತ್ತಮೂರು ವರ್ಷ.

ಕಪಿನೀಪತಿ ಹಾರಿಬಂದು ಇನ್ನೊಂದು ಬದಿ ಹಿಡಿದ. ರುಕ್ಮಾಂಗದಯ್ಯನವರು ಲೋಟ ಕೆಳಗಿಟ್ಟರು. ಗುರುಗಳ ಮುಖ ನೋಡಿದರು, ಕಿಟಕಿಯಾಚೆ ಹೋಗುವ ತಂತಿ ನೋಡಿದರು. ಆಮೇಲೆ ಮಂಡಿಯನ್ನು ಮರೆತು ಎದ್ದು, ಗುರುಗಳನ್ನು ಸರಿಸಿ ತಾವೇ ಹಿಡಿದರು.

ಅಜ್ಜಿಯ ಕಾಲ ದಿಕ್ಕಿಗೆ ಅಕ್ಕಿ ಡಬ್ಬ ಮಗುಚಿ ಅದರ ಮೇಲೆ ಟೀವಿ ಇಟ್ಟೆವು. ಕಪಿನೀಪತಿ ರೆಸಿಸ್ಟರ್ ಬಿಚ್ಚಿ ತಂತಿಯನ್ನು ಟೀವಿಯ ಬೆನ್ನಿಗೆ ಸೇರಿಸಿದ. ಅತಿಥಿಗಳ ಕೋಣೆಯಲ್ಲಿ ತುಂಡಾಗಿದ್ದ ಎರಡು ತುದಿಗಳನ್ನು ಜೋಡಿಸಿ ಬಂದ. ಚಿತ್ರ ಬಂತು. ಒಂದೇ.

ಆ ಪಾಠದ ಸಮಾಪ್ತಿಯನ್ನು ನಾನು ಮಹಡಿಯಲ್ಲಿ ಕೂತು ಕೇಳಲಿಲ್ಲ. ಉಗ್ರಾಣದ ಹಿಂದಿನ ಆ ಸಣ್ಣ ಕೋಣೆಯಲ್ಲಿ ಕೇಳಿದೆ. ಒಂದು ಪಕ್ಕ ರುಕ್ಮಾಂಗದಯ್ಯ, ನೆಲದ ಮೇಲೆ ಕಾಲು ಚಾಚಿಕೊಂಡು. ಇನ್ನೊಂದು ಪಕ್ಕ ಹುಣಸೆಹಣ್ಣಿನ ಜಾಡಿ. ಎಷ್ಟೋ ಸಭಾಂಗಣಗಳಲ್ಲಿ ಕೂತಿದ್ದೇನೆ. ಅಷ್ಟು ಚೆನ್ನಾದ ಜಾಗ ಮತ್ತೆ ಸಿಗಲಿಲ್ಲ.

ಅಜ್ಜಿ ಎರಡು ಗಂಟೆ ಕಣ್ಣು ಕೀಳಲಿಲ್ಲ. ನಡುವೆ ಒಂದೇ ಒಂದು ಸಲ ಮಾತಾಡಿದರು.

"ಏನೂ ಅವಸರವೇ ಇಲ್ಲ ನೋಡು ಮುಖದಲ್ಲಿ. ಊಟಕ್ಕೆ ಕೂತಾಗ ಹಿಂಗಿರಲ್ಲ."

ಪಾಠ ಮುಗಿಯಿತು. ಗುರುಗಳು ಮೆಟ್ಟಿಲಿಳಿದು ಬರುವಾಗ ಕಪಿನೀಪತಿ ಕೆಳಗೆ ಕಾದಿದ್ದ. ಕಾಲಿಗೆ ಬಿದ್ದು ಎದ್ದ. ಅಂಗೈ ಬಿಡಿಸಿದ. ಅದರಲ್ಲಿ ಆ ರೆಸಿಸ್ಟರ್ ಇತ್ತು.

"ಇದು ಇನ್ನು ಬೇಡ ಗುರುಗಳೇ. ಬಿಸಾಕಿಬಿಡಲಾ?"

ಗುರುಗಳು ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಅಂಗೈ ಮುಚ್ಚಿದರು.

"ಇಟ್ಕೊಂಡಿರು. ಯಾರೂ ಇಲ್ಲದ ಕೋಣೆ ಎಲ್ಲಾದರೂ ಸಿಕ್ಕಿದರೆ, ಅಲ್ಲಿಗೆ ಹಾಕು."