ದೈತ್ಯನ ಅಪ್ಪ

ಬಾಷಾನ್ ಸೀಮೆಯ ಗುಡ್ಡದ ಇಳಿಜಾರಿನಲ್ಲಿ ಒಂದು ಯೆಹೂದ್ಯರ ಊರು. ಅಲ್ಲಿಯ ಗುರು ಹನಾನ್ಯ. ಈರುಳ್ಳಿ ಮಾರುವವನ ಮಗ ಬಾರೂಕ ಅವನ ಶಿಷ್ಯ. ಕಲಿತದ್ದನ್ನು ಯಾರಿಗಾದರೂ ಹೇಳದಿದ್ದರೆ ಬಾರೂಕನಿಗೆ ತಿಂದದ್ದು ಅರಗುತ್ತಿರಲಿಲ್ಲ.

ಒಂದು ಬೆಳಗ್ಗೆ ನೆಲ ನಡುಗಿತು. ಗುಡ್ಡದ ತುದಿಯ ಬಂಡೆ ಉರುಳಿ ಬಂದು, ಊರಿಗಿದ್ದ ಒಂದೇ ಒಂದು ಒರತೆಯ ಬಾಯಿ ಮುಚ್ಚಿ ಕೂತಿತು.

ಅದು ಹಿಂದಿನ ಕಾಲದ ದೈತ್ಯರು ಎತ್ತಿಟ್ಟ ಬಂಡೆ, ಮನುಷ್ಯರ ಕೈಲಿ ಅಲ್ಲಾಡುವುದೂ ಇಲ್ಲ ಎಂದು ಊರವರ ನಂಬಿಕೆ. ಹಾಗಾಗಿ ಯಾರೂ ಅದರ ಹತ್ತಿರ ಹೋಗಲಿಲ್ಲ. ಕೊಡಗಳು ಬರಿದಾದವು. ರೊಟ್ಟಿ ಸುಡುವ ಮಿಲ್ಕಾ ಕಂಕುಳಲ್ಲಿ ಬಟ್ಟೆಬರೆಯ ಗಂಟು ಇಟ್ಟುಕೊಂಡೇ ಗುರುವಿನ ಬಳಿ ಬಂದಳು. ಅವಳ ಹಿಂದೆ ಇಡೀ ಊರು.

"ದೈತ್ಯರ ಕುಲದವ್ರು ಎಲ್ಲಾದ್ರೂ ಉಳಿದಿದಾರಾ ಗುರುಗಳೇ? ಇದ್ರೆ ಕಾಲು ಹಿಡಿದು ಕರ್ಕೊಂಡ್ ಬರ್ತೀವಿ. ಇಲ್ದಿದ್ರೆ ನಾಳೆ ಊರು ಬಿಡ್ತೀವಿ."

ಬಾರೂಕನ ಮುಖ ಅರಳಿತು. ಇಂಥ ಪ್ರಶ್ನೆಗಾಗಿಯೇ ಅವನು ಕಾದಿದ್ದ.

"ದೇವದೂತರು ಆಕಾಶದಿಂದ ಇಳಿದು ಮನುಷ್ಯರ ಹೆಣ್ಣುಮಕ್ಕಳನ್ನ ಮದುವೆಯಾದ್ರು. ಅವರ ಮಕ್ಕಳೇ ದೈತ್ಯರು," ಎಂದ. "ಅಲ್ಲ ಅನ್ನೋರೂ ಇದಾರೆ. ಮೊದಲ ಮನುಷ್ಯನ ಮಗ ಸೇತನ ವಂಶದ ಸಾಧುಗಳು, ತಮ್ಮನನ್ನೇ ಕೊಂದ ಅವನಣ್ಣ ಕಾಯಿನನ ವಂಶದ ಹೆಣ್ಣುಗಳಿಗೆ ಮನಸೋತ್ರಂತೆ, ಹಾಗೆ ಹುಟ್ಟಿದೋರಂತೆ. ಜಲಪ್ರಳಯದಲ್ಲಿ ಒಬ್ಬ ಮಾತ್ರ ನೋಹನ ನಾವೆಗೆ ಜೋತುಬಿದ್ದು ಬದುಕಿದ ಅಂತಾನೂ..."

ಅಷ್ಟರಲ್ಲಿ ಊರು ಎರಡು ಪಾಲಾಗಿತ್ತು. ದೇವದೂತರೇ ಎಂದು ಒಂದು ಗುಂಪು, ಸೇತನ ವಂಶವೇ ಎಂದು ಇನ್ನೊಂದು. ಗಂಟಲು ಒಣಗಿದ್ದರೂ ಜಗಳಕ್ಕೇನೂ ಕೊರತೆಯಿರಲಿಲ್ಲ.

"ನಿಮ್ಮ ತೀರ್ಪೇನು ಗುರುಗಳೇ?" ಎಂದು ಬಾರೂಕ ಕೇಳಿದ.

ಹನಾನ್ಯ ಪಾಠಶಾಲೆಯ ಚಪ್ಪರದಿಂದ ಎರಡು ತೊಲೆ ಕಳಚಿಸಿ, ಒರತೆಯ ಬಳಿಗೆ ಹೊರಿಸಿ, ಬಂಡೆಯ ಅಡಿಗೆ ತೂರಿಸಿದ.

"ದೇವದೂತರ ಕಡೆಯೋರು ಈ ತೊಲೆ ಹಿಡೀರಿ, ಸೇತನ ಕಡೆಯೋರು ಆ ತೊಲೆ. ನಿಮ್ಮ ಮಾತೇ ನಿಜ ಅಂತ ಕೂಗಿ ಹೇಳಿ. ಹೇಳ್ತಾ ಮೀಟಿ."

"ನಾನು?" ಎಂದ ಬಾರೂಕ.

"ನಿಂಗೆ ಎರಡೂ ಗೊತ್ತಲ್ಲ. ನಡುವೆ ನಿಂತು ಬೆನ್ನು ಕೊಡು."

"ದೇವದೂತರೇ!" ಎಂದು ಇವರು ಮೀಟಿದರು. "ಸೇತನ ವಂಶ!" ಎಂದು ಅವರು ಮೀಟಿದರು. ಹಟ ಏರುತ್ತಾ ಹೋಯಿತು.

ಬಂಡೆ ಮಿಸುಕಿದ್ದು ಮೊದಲು ಬಾರೂಕನ ಬೆನ್ನಿಗೆ ತಿಳಿಯಿತು. ಕಲಿತ ಕಥೆಗಳೆಲ್ಲ ಅವನಿಗೆ ಮರೆತೇಹೋದವು.

"ಒಟ್ಟಿಗೆ ಕಣ್ರೋ!" ಎಂದು ಅರಚಿದ. "ಎಲ್ಲಾರೂ ಒಟ್ಟಿಗೆ!"

ಒಟ್ಟಿಗೇ ಕೂಗಿದರು. ಏನು ಕೂಗಿದರೋ ಅವರಿಗೇ ಗೊತ್ತಿಲ್ಲ. ಬಂಡೆ ಮಗ್ಗುಲಾಗಿ, ಧಡಧಡನೆ ಕಣಿವೆಗೆ ಉರುಳಿತು.

ನೀರು ಚಿಮ್ಮಿತು! ಮಿಲ್ಕಾ ಗಂಟನ್ನು ಎಸೆದು ಬೊಗಸೆಯೊಡ್ಡಿದಳು. ಬಾರೂಕ ಕೆಸರಲ್ಲಿ ಕೂತು ನಗುತ್ತಿದ್ದ, ಅಳುತ್ತಲೂ ಇದ್ದ. ಜೀವಮಾನದಲ್ಲಿ ಅಷ್ಟು ಸಂತೋಷ ಅವನು ಕಂಡಿರಲಿಲ್ಲ.

ಕೆಲವು ತಿಂಗಳ ನಂತರ ಒಂಟೆ ವ್ಯಾಪಾರಿಗಳು ಆ ಒರತೆಯ ಬಳಿ ತಂಗಿದರು. ಅವರ ಮಾತು ಕೇಳಿದ ಬಾರೂಕ ಏದುಸಿರು ಬಿಡುತ್ತಾ ಗುರುವಿನ ಬಳಿಗೆ ಓಡಿಬಂದ.

"ಗುರುಗಳೇ, ಈ ಊರಲ್ಲೊಬ್ಬ ದೈತ್ಯ ಇದಾನಂತೆ! ಆ ಬಂಡೇನ ಒಬ್ಬನೇ ಬೆನ್ನು ಕೊಟ್ಟು ಉರುಳಿಸಿದ್ನಂತೆ. ಅವನಪ್ಪ ದೇವದೂತನಂತೆ!"

ಹನಾನ್ಯ ಒರತೆಯ ನೀರು ತುಂಬಿದ ಬಟ್ಟಲನ್ನು ಅವನ ಕೈಗಿತ್ತ.

"ಅಲ್ವೋ ಬಾರೂಕ, ಈರುಳ್ಳಿ ಮಾರೋ ನಿಮ್ಮಪ್ಪ ಆಕಾಶದಿಂದ ಇಳಿದಿದ್ದು ಯಾವಾಗ?"