ನಿಂಬೆವ್ವನ ಸೈಕಲ್ಲು, ನಿಂಬೆವ್ವನ ಸಿಳ್ಳು

ಕೇಳ್ರಿ, ಕೇಳ್ರಿ. ಹೂಂ ಅನ್ನಾವ್ರು ಮುಂದ ಕುಂದರ್ರಿ. ತೂಕಡ್ಸಾವ್ರು ಹಿಂದ ಕುಂದರ್ರಿ.

ನಿಂಬೆವ್ವ ಅಂತ ಒಬ್ಬಾಕಿ ಹುಡುಗಿ. ಆಕಿಗೆ ಹೊಸಾ ರೇಸ್ ಸೈಕಲ್ಲು ಬಂತು. ಕೆಂಪನ್ನ ಸೈಕಲ್ಲು. ಟಗರಿನ ಕೋಡಿನಂಗ ಬಾಗಿದ ಹ್ಯಾಂಡಲ್ಲು. ಅಂಗಡ್ಯಾಗ ಸಣ್ಣದೂ ಇತ್ತು, ದೊಡ್ಡದೂ ಇತ್ತು. ಬೆಳಿಯೂ ಹುಡುಗಿ, ದೊಡ್ಡದ ಇರ್ಲಿ ಅಂದ್ಲು ಅವ್ವ. ಲಂಗಾ ಹೊಲಿಸಿದಂಗ ಸೈಕಲ್ಲೂ ದೊಡ್ಡದ ತಂದ್ರು. ನಾ ಏನ್ ಹೇಳ್ಲಿ?

ನಿಂಬೆವ್ವ ಹತ್ತಿದ್ಲು. ಸೀಟು ಮ್ಯಾಲ, ಹ್ಯಾಂಡಲ್ಲು ದೂರ. ಬಗ್ಗಿದ್ಲು, ಬಗ್ಗಿದ್ಲು, ಹೊಟ್ಟಿ ಮಡಚಿತು. ದಿನಾ ಮುಂಜಾನೆ ಅಪ್ಪನ ಹಳೇ ಸೈಕಲ್ ಮ್ಯಾಲ ಸಿಳ್ಳು ಹಾಕ್ಕೋತ ಹೋಗಾಕಿ ಆಕಿ. ಇವತ್ತೂ ತುಟಿ ಮುಂದ ಮಾಡಿದ್ಲು. ಫುಸ್. ಗಾಳಿ ಬಂತು, ಸಿಳ್ಳು ಬರ್ಲಿಲ್ಲ.

ನಿಂಬೆವ್ವ ಇನ್ನೊಮ್ಮೆ ಊದಿದ್ಲು, ಮತ್ತ ಫುಸ್. ಊರಾಗ ಆಕಿಯಂಥಾ ಸಿಳ್ಳು ಇನ್ಯಾರಿಗೂ ಬರ್ತಿದ್ದಿಲ್ಲ.

ಸೈಕಲ್ ರಿಪೇರಿ ಮಾಡೂ ರಾಜೇಸಾಬ ಕಾಕಾನ ಕಡೆ ಹೋದ್ಲು. ಇಳೀಲಿಲ್ಲ. ಹೊಸಾ ಸೈಕಲ್ಲು, ಯಾರ್ ಇಳೀತಾರ? ಗೋಡಿ ಹಿಡದು ನಿಂತ್ಲು, ಬಗ್ಗೇ ನಿಂತ್ಲು.

"ಕಾಕಾ, ನನ್ ಸಿಳ್ಳು ಬರವಲ್ದು. ಏನರ ಮಾಡ್ರಿ."

ಕಾಕಾ ನೋಡಿದ. ಸೀಟು ಇಳಸ್ಬೇಕು, ಹ್ಯಾಂಡಲ್ಲು ಹತ್ರ ತರ್ಬೇಕು ಅಂದ. ಆದ್ರ ಈಗ ಆಗಾಂಗಿಲ್ಲ ಅಂದ. ಹೊಟ್ಟಿ ಹಸದೈತಿ, ನಟ್ಟು ತಿರುವಾಕ ಬಲ ಇಲ್ಲ. ಮೊದ್ಲ ಭಜಿ ತಾ.

ಭಜಿ ಅಂಗಡಿ ಬಂಗಾರೆವ್ವ ಆಯಿ ಕಡೆ ಹೋದ್ಲು. ಇಳೀಲಿಲ್ಲ. ಕಂಬ ಹಿಡದು ನಿಂತ್ಲು, ಬಗ್ಗೇ ನಿಂತ್ಲು.

"ಆಯಿ, ಭಜಿ ಕೊಡ. ಭಜಿ ಕಾಕಾಗ. ಕಾಕಾ ಸೀಟು ಇಳಸ್ತಾರ. ಸೀಟು ಇಳದ್ರ ಸಿಳ್ಳು ಬರ್ತೈತಿ."

ಆಗಾಂಗಿಲ್ಲ ಅಂದ್ಲು ಆಯಿ. ಮೆಣಸಿನಕಾಯಿ ಐತಿ, ಹಿಟ್ಟು ಐತಿ, ಎಣ್ಣಿ ಇಲ್ಲ. ಮೊದ್ಲ ಎಣ್ಣಿ ತಾ.

ಗಾಣದ ಸಂಗಪ್ಪ ಮುತ್ಯಾನ ಕಡೆ ಹೋದ್ಲು. ಇಳೀಲಿಲ್ಲ. ಬೇವಿನ ಗಿಡ ಹಿಡದು ನಿಂತ್ಲು, ಬಗ್ಗೇ ನಿಂತ್ಲು.

"ಮುತ್ಯಾ, ಎಣ್ಣಿ ಕೊಡ. ಎಣ್ಣಿ ಆಯಿಗೆ. ಆಯಿ ಭಜಿ ಕೊಡ್ತಾಳ. ಭಜಿ ಕಾಕಾಗ. ಕಾಕಾ ಸೀಟು ಇಳಸ್ತಾರ. ಸೀಟು ಇಳದ್ರ ಸಿಳ್ಳು ಬರ್ತೈತಿ."

ಆಗಾಂಗಿಲ್ಲ ಅಂದ ಮುತ್ಯಾ. ಗಾಣದಾಗ ಕುಸುಬಿ ಐತಿ, ಎತ್ತು ತಿರಗವಲ್ದು. ಮುಂಜಾನಿಂದ ನಿಂತಲ್ಲೇ ನಿಂತೈತಿ. ನೀನ ಕೇಳು ಅದನ್ನ.

ಎತ್ತಿನ ಕಡೆ ಹೋದ್ಲು. ಅಲ್ಲಿ ಗೋಡಿ ಇಲ್ಲ, ಕಂಬ ಇಲ್ಲ, ಗಿಡ ಇಲ್ಲ. ಕೋಡು ಹಿಡಿಯಾಕ ಧೈರ್ಯ ಇಲ್ಲ. ಆದ್ರೂ ಇಳೀಲಿಲ್ಲ. ಎತ್ತಿನ ಸುತ್ತ ತಾನ ತಿರಗಿದ್ಲು.

"ಎತ್ತಪ್ಪಾ, ನಡಿಯೋ. ನೀ ನಡದ್ರ ಮುತ್ಯಾ ಎಣ್ಣಿ ಕೊಡ್ತಾನ. ಎಣ್ಣಿ ಆಯಿಗೆ. ಆಯಿ ಭಜಿ ಕೊಡ್ತಾಳ. ಭಜಿ ಕಾಕಾಗ. ಕಾಕಾ ಸೀಟು ಇಳಸ್ತಾರ. ಸೀಟು ಇಳದ್ರ ಸಿಳ್ಳು ಬರ್ತೈತಿ."

ಎತ್ತು ಕಿವಿ ಅಲ್ಲಾಡಿಸ್ತು.

"ದಿನಾ ಮುಂಜಾನೆ ಈ ಹಾದ್ಯಾಗ ಒಂದು ಸಿಳ್ಳು ಬರ್ತಿತ್ತು. ಅದನ್ನ ಕೇಳಿ ನಾ ಕಾಲು ಎತ್ತತಿದ್ದೆ. ಇವತ್ತ ಬರ್ಲಿಲ್ಲ. ಸಿಳ್ಳಿಲ್ದ ನಾ ನಡಿಯಾಂಗಿಲ್ಲ."

ಅಯ್ಯ ಶಿವನ! ಎತ್ತಿಗೆ ಸಿಳ್ಳು ಬೇಕು. ಎಣ್ಣಿಗೆ ಎತ್ತು ಬೇಕು. ಭಜಿಗೆ ಎಣ್ಣಿ ಬೇಕು. ಕಾಕಾಗ ಭಜಿ ಬೇಕು. ಸೀಟಿಗೆ ಕಾಕಾ ಬೇಕು. ಸಿಳ್ಳಿಗೆ ಸೀಟು ಇಳೀಬೇಕು. ನಿಮಗ ಗೊತ್ತಾತೇನು? ಗೊತ್ತಾದ್ರೂ ಸುಮ್ನಿರ್ರಿ.

ನಿಂಬೆವ್ವಗ ಅಳು ಬಂತು. ಕಣ್ಣು ಒರಸ್ಕೋಬೇಕು, ಕೈ ಬಿಟ್ರ ಬೀಳ್ತಾಳ. ಅದಕ್ಕ ಇಳದ್ಲು.

ಬೆನ್ನು ನೆಟ್ಟಗಾತು. ಹೊಟ್ಟಿ ಸಡ್ಲಾತು. ಕಣ್ಣು ಒರಸ್ಕೊಂಡು ಉಸ್ಸ್ ಅಂತ ಉಸುರು ಬಿಟ್ಲು. ಉಸ್ಸ್ ಹೋಗಿ ಸುಂಯ್ ಅಂತು. ಸುಂಯ್!

ಸಿಳ್ಳು ಬಂತು, ಎತ್ತು ನಡೀತು. ಎತ್ತು ನಡೀತು, ಗಾಣ ತಿರಗಿತು. ಗಾಣ ತಿರಗಿತು, ಮುತ್ಯಾ ಎಣ್ಣಿ ಕೊಟ್ಟ. ಮುತ್ಯಾ ಎಣ್ಣಿ ಕೊಟ್ಟ, ಆಯಿ ಭಜಿ ಕರದ್ಲು. ಆಯಿ ಭಜಿ ಕರದ್ಲು, ಕಾಕಾ ಭಜಿ ತಿಂದ. ಖಾರಕ್ಕ ಮೂಗು ಒರಸ್ಕೊಂಡ, ಪಾನಾ ತಗೊಂಡ, ನಟ್ಟು ತಿರುವಿದ. ಸೀಟು ಇಳಿಸಿದ, ಮುಂದ ಸರಿಸಿದ. ಹ್ಯಾಂಡಲ್ಲು ಹತ್ರ ತಂದ.

ಬೆಳಿಯೂ ಹುಡುಗಿ, ಸ್ವಲ್ಪ ಮ್ಯಾಲ ಇರ್ಲಿ ಅಂದ್ಲು ಅವ್ವ, ಅಂಗಡಿ ಬಾಗಲಕ್ಕ ಬಂದು ನಿಂತು.

"ನಾಳಿನ ನಿಂಬೆವ್ವಗ ನಾಳೆ ಏರಸ್ತೀನಿ," ಅಂದ ಕಾಕಾ. "ಇದು ಇವತ್ತಿನ ನಿಂಬೆವ್ವಗ."

ನಿಂಬೆವ್ವ ಹತ್ತಿದ್ಲು. ತುಟಿ ಮುಂದ ಮಾಡಿದ್ಲು. ಸುಂಯ್!

ಅತ್ತ ಗಾಣದಾಗ ಎತ್ತು ಇನ್ನೊಂದು ಸುತ್ತು ಹೊಡೀತು. ಹೂಂ ಅಂದವ್ರಿಗೆ ಒಂದೊಂದು ಭಜಿ ಐತಿ, ಬರ್ರಿ.