ಬಿಚ್ಚುಗಂಟಿನ ದೊಣೆ

ಕೋಡಿಬಂಡೆ ಕ್ರಾಸಿನಲ್ಲಿ ಬಸ್ಸಿಳಿದು ಪಡುವಲಿಗೆ ತಿರುಗಿದರೆ ಒಂದೇ ಕಲ್ಲಿನ ಗುಡ್ಡ ಕಾಣುತ್ತದೆ. ಮರವಿಲ್ಲ, ಗುಡಿಯಿಲ್ಲ. ಬಂಡೆಯಲ್ಲೇ ಕೊರೆದ ಐವತ್ತಮೂರು ಮೆಟ್ಟಿಲಿವೆ. ನೆತ್ತಿಯಲ್ಲಿ ದೊಣೆ ಇದೆ. ಬಂಡೆಯ ಸೀಳಿನಲ್ಲಿ ಮಳೆನೀರು ನಿಂತು ಆದ ಕೊಳ ಅದು. ಬೇಸಿಗೆಯಲ್ಲೂ ಬತ್ತುವುದಿಲ್ಲ. ಪಕ್ಕದ ಹಾಸುಬಂಡೆಯ ಕೆಳಗೆ ಇಪ್ಪತ್ತು ಜನ ಕೂರುವಷ್ಟು ನೆರಳು. ದೂರದ ಊರಿಗೆ ಹೋಗಲಾಗದವರು, ಹೋಟೆಲಿನಲ್ಲಿ ಮಕ್ಕಳಿಗೆ ತಿನ್ನಿಸಲಾಗದವರು ಬುತ್ತಿ ಕಟ್ಟಿಕೊಂಡು ಬಂದು ಇಲ್ಲಿ ಒಂದು ದಿನ ಕಳೆದು ಹೋಗುತ್ತಿದ್ದರು. ಸುತ್ತಿನ ಏಳೆಂಟು ಹಳ್ಳಿ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಈಗ ಬುಡದಲ್ಲಿ ತಗಡಿನ ಬಾಗಿಲು ಬಂದಿದೆ. ಗುತ್ತಿಗೆ ಹಿಡಿದವನು ಕೂತು ಟಿಕೆಟ್ ಹರಿಯುತ್ತಾನೆ. ಪಕ್ಕದಲ್ಲಿ ನೀಲಿ ಬೋರ್ಡು. 'ಗಂಟು ದೊಣೆ. ಪಾಳೇಗಾರರು ನಿಧಿಯ ಗಂಟನ್ನು ಮುಳುಗಿಸಿಟ್ಟ ಸ್ಥಳ' ಎಂದು ಬರೆಸಿದ್ದಾರೆ. ಸುಳ್ಳು. ಯಾವ ನಿಧಿಯೂ ಮುಳುಗಿಲ್ಲ. ಇದು ಬಿಚ್ಚುಗಂಟಿನ ದೊಣೆ. ನಾನು ಕಲ್ಲೊಡೆಯುವವನು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆಯುವುದು ನನ್ನ ಕೆಲಸವಲ್ಲ. ಆದರೆ ಈ ಕತೆ ಸರಿಯಾಗಿ ಗೊತ್ತಿದ್ದವಳು ನನ್ನ ಹೆಂಡತಿ ಓಬಳಮ್ಮ. ಅವಳು ಹೋದ ಮಾಘದಲ್ಲಿ ತೀರಿಕೊಂಡಳು. ಬೋರ್ಡಿಗೆ ಎದುರು ಹೇಳಲು ಈಗ ನಾನೊಬ್ಬನೇ.

ಹಿಂದೆ ಒಮ್ಮೆ ಈ ಸೀಮೆಗೆ ಒಬ್ಬ ಪಾಳೇಗಾರನಿದ್ದ. ಅವನ ಹೆಸರು ಓಬಳಮ್ಮ ಯಾವತ್ತೂ ಹೇಳಲಿಲ್ಲ. ಕೇಳಿದರೆ, "ಅವನ ಹೆಸರು ಉಳಿಸೋಕೆ ನಾನ್ಯಾಕೆ ಬಾಯಿ ನೋಯಿಸ್ಕೊಳ್ಲಿ" ಅನ್ನುತ್ತಿದ್ದಳು. ಅವನ ಹೆಂಡತಿ ಮಕ್ಕಳಿಗೆ ಬೇಸಿಗೆಯ ತಂಪಿಗೆ ದೊಣೆ ಬೇಕಾಯಿತು. ಬಂಡೆ ಜಾರು, ಹತ್ತಲು ದಾರಿಯಿಲ್ಲ. ಕಲ್ಲುಕುಟಿಗರ ಪಾಲಮ್ಮನನ್ನೂ ಅವಳ ಗಂಡನನ್ನೂ ಮೆಟ್ಟಿಲು ಕೊರೆಯಲು ಹಚ್ಚಿದ. ಮೂರು ಬೇಸಿಗೆ ಹಿಡಿಯಿತು. ಎರಡನೇ ಬೇಸಿಗೆಯಲ್ಲಿ ಗಂಡ ಜಾರಿ ಬಿದ್ದು ಸತ್ತ. ಪಾಲಮ್ಮ ಉಳಿ ಕೆಳಗಿಡಲಿಲ್ಲ. ಮೇಲಿನ ಮೆಟ್ಟಿಲೆಲ್ಲ ಅವಳೊಬ್ಬಳೇ ಕೊರೆದದ್ದು ಎನ್ನುತ್ತಾರೆ. ಅವಳಿಗೆ ಇಬ್ಬರು ಸಣ್ಣ ಮಕ್ಕಳು. ಬಿಸಿಲಿಗೆ ಅತ್ತರೆ, "ಮುಗೀಲಿ ತಡೀರಿ, ಒಂದಿನ ಬುತ್ತಿ ಕಟ್ಕೊಂಡು ಮೇಲೆ ಹೋಗಾನ, ಉಂಡು ನೀರಲ್ಲಿ ಕಾಲಿಟ್ಕೊಂಡು ಕೂರಾನ" ಎಂದು ಮಾತು ಕೊಡುತ್ತಿದ್ದಳು. ಮೆಟ್ಟಿಲು ಮುಗಿಯಿತು. ಪಾಳೇಗಾರ ಬುಡದಲ್ಲಿ ಒಬ್ಬ ಮುದುಕನನ್ನು ಕಾವಲಿಟ್ಟ. ಹತ್ತುವವರು ಗಂಟು ಬಿಚ್ಚಬೇಕು ಎಂದು ಅಪ್ಪಣೆ ಮಾಡಿದ. ಗಂಟು ಬಿಚ್ಚುವುದೆಂದರೆ ದುಡ್ಡು ತೆಗೆಯುವುದು. ಅದು ದೊರೆಗಳ ಭಾಷೆ.

ಪಾಲಮ್ಮನಿಗೆ ಆ ಭಾಷೆ ಬಾರದು. ಅವಳ ಮನೆಯಲ್ಲಿ ಗಂಟು ಎಂದರೆ ಒಂದೇ, ಬುತ್ತಿಯ ಗಂಟು. ಯುಗಾದಿ ಕಳೆದ ಒಂದು ದಿನ ಕೊಟ್ಟ ಮಾತಿನಂತೆ ಮಕ್ಕಳನ್ನು ಕರೆದುಕೊಂಡು ಬಂದಳು. ಮುದುಕ ಕೋಲು ಅಡ್ಡ ಹಿಡಿದು, "ಗಂಟು ಬಿಚ್ಚಮ್ಮಿ" ಎಂದ. "ಮೇಲೆ ಹೋಗಿ ಬಿಚ್ತೀನಿ ಕಣಯ್ಯ." "ಇಲ್ಲೇ ಬಿಚ್ಚಬೇಕು, ದೊರೆ ಅಪ್ಪಣೆ." ಪಾಪ, ಹಸಿದಿದ್ದಾನೆ ಅಂದುಕೊಂಡಳು. ಅಲ್ಲೇ ಕೂತು ಗಂಟು ಬಿಚ್ಚಿದಳು. ತಣ್ಣನೆ ಮುದ್ದೆ ಮುರಿದು, ಮೇಲೆ ಹುಚ್ಚೆಳ್ಳು ಚಟ್ನಿ ಇಟ್ಟು ಅವನ ಕೈಗೆ ಕೊಟ್ಟಳು. ಮುದುಕ ನಕ್ಕುಬಿಟ್ಟ. "ಅಯ್ಯೋ ಹುಚ್ಚಮ್ಮಿ, ಈ ಗಂಟಲ್ಲ" ಎನ್ನುವಷ್ಟರಲ್ಲಿ ಚಟ್ನಿಯ ವಾಸನೆ ಮೂಗಿಗೆ ಬಡಿಯಿತು. ಬೆಳಗಿನಿಂದ ಅವನಿಗೂ ಊಟ ಬಂದಿರಲಿಲ್ಲ. ಎರಡು ತುತ್ತು ತಿಂದ. ತಿಂದ ಮೇಲೆ ಕೋಲು ಅಡ್ಡ ಹಿಡಿಯಲು ಕೈ ಏಳಲಿಲ್ಲ. ಆಗಲೇ ಪಾಳೇಗಾರ ಆಳುಗಳ ಜೊತೆ ಕುದುರೆಯ ಮೇಲೆ ಬಂದ. ಅವನ ಹೆಂಡತಿ ಮಕ್ಕಳು ಮೊದಲೇ ಮೇಲೆ ಹೋಗಿದ್ದರು. "ಗಂಟು ಬಿಚ್ಚಿಸಿದೆಯೇನೋ?" "ಬಿಚ್ಚಿಸಿದೆ ಬುದ್ಧೀ. ಹುಚ್ಚೆಳ್ಳು ಚಟ್ನಿ ಇತ್ತು." ಪಾಳೇಗಾರ ಇಳಿದು ಬುತ್ತಿಯನ್ನು ಕಾಲಿನಿಂದ ಒದ್ದ. ಮುದ್ದೆ ಮಣ್ಣಿನಲ್ಲಿ ಉರುಳಿತು. ಮಕ್ಕಳು ನೋಡುತ್ತ ನಿಂತಿದ್ದವು.

ಪಾಲಮ್ಮ ಅಳಲಿಲ್ಲ. ಯಾವತ್ತೂ ಸೊಂಟದಲ್ಲೇ ಇರುತ್ತಿದ್ದ ಉಳಿ ಸುತ್ತಿಗೆ ತೆಗೆದಳು. ದಡದಡ ಹತ್ತಿ ಹನ್ನೆರಡನೇ ಮೆಟ್ಟಿಲಲ್ಲಿ ಕೂತು, ಕೆಳಗಿನ ಹನ್ನೊಂದನೆಯದರ ಅಂಚು ಹಾರಿಸಿದಳು. ಬಂಡೆ ಅಲ್ಲಿ ಗೋಡೆಯ ಹಾಗೆ ನೆಟ್ಟಗಿದೆ. "ಏನು ಮಾಡ್ತಿದೀಯೇ?" ಎಂದು ಪಾಳೇಗಾರ ಕೂಗಿದ. "ನನ್ನ ಕೆಲಸ ನಾನು ವಾಪಸ್ ತಗೋತಿದೀನಿ. ಬಂಡೆ ದೇವರದು, ಮೆಟ್ಲು ನಂದು. ನನ್ನ ಮಕ್ಕಳು ಹತ್ತದ ಮೆಟ್ಲು ನಿನ್ನ ಮಕ್ಕಳು ಇಳಿಯೋಕೂ ಬೇಡ." ಹಿಡಿಯಲು ಹೋದ ಇಬ್ಬರು ಆಳುಗಳು ಮುರಿದ ಕಡೆ ಜಾರಿ ಬಿದ್ದರು. ಅವಳು ಒಂದು ಮೆಟ್ಟಿಲು ಮೇಲೇರಿ ಹನ್ನೆರಡನೆಯದಕ್ಕೆ ಉಳಿ ಇಟ್ಟಳು. ಮೇಲಿನಿಂದ ಪಾಳೇಗಾರನ ಹೆಂಡತಿ ಬಗ್ಗಿ ನೋಡಿ, "ಅವರನ್ನ ಹತ್ತೋಕೆ ಬಿಡಿ! ನಾವು ಕೆಳಗೆ ಇಳೀಬೇಕೋ ಬೇಡವೋ?" ಎಂದು ಕಿರುಚಿದಳು. ಪಾಳೇಗಾರ ತಲೆ ತಗ್ಗಿಸಿದ. ಇನ್ನು ಇಲ್ಲಿ ಬುತ್ತಿಯ ಗಂಟಲ್ಲದೆ ಬೇರೆ ಗಂಟು ಬಿಚ್ಚಿಸುವುದಿಲ್ಲ ಎಂದು ಎಲ್ಲರ ಎದುರು ಮಾತು ಕೊಟ್ಟ. ಕಾವಲಿನ ಮುದುಕ ಕೆಳಗಿನಿಂದ ಎತ್ತಿ ಕೊಟ್ಟ, ಪಾಲಮ್ಮ ಮೇಲಿನಿಂದ ಕೈ ಹಿಡಿದಳು. ಹಾಗೆ ಮಕ್ಕಳು ಹತ್ತಿದವು. ಮುದುಕನ ಕೈಯಲ್ಲಿ ಉಳಿದಿದ್ದ ಅರ್ಧ ಮುದ್ದೆಯನ್ನೇ ನೀರಿನಲ್ಲಿ ಕಾಲಿಟ್ಟುಕೊಂಡು ತಿಂದವು ಎನ್ನುತ್ತಾರೆ. ಅಂದಿನಿಂದ ಹೆಸರು ಬಿಚ್ಚುಗಂಟಿನ ದೊಣೆ. ಬಂದವರು ಬುಡದಲ್ಲಿ ಬುತ್ತಿ ಬಿಚ್ಚಿ, ಎದುರಿಗೆ ಸಿಕ್ಕವರಿಗೆ ಮೊದಲ ತುತ್ತು ಕೊಟ್ಟು ಹತ್ತುವುದು ಪದ್ಧತಿ.

ಮದುವೆಯಾದ ವರ್ಷದಿಂದ ಓಬಳಮ್ಮ ಈ ಪದ್ಧತಿ ತಪ್ಪಿಸಲಿಲ್ಲ. ಹೋದ ಯುಗಾದಿಗೆ ಅವಳ ಮೈ ಇಳಿದುಹೋಗಿತ್ತು. "ಒಂದ್ಸಲ ಆ ನೀರಲ್ಲಿ ಕಾಲಿಟ್ಟು ಬರಾನ" ಅಂದಳು. ಮಗಳು, ಮೊಮ್ಮಕ್ಕಳು, ನಾವಿಬ್ಬರು ಹೋದೆವು. ತಗಡಿನ ಬಾಗಿಲು ಆಗಷ್ಟೇ ಬಂದಿತ್ತು. "ತಲೆಗೊಂದು ಟಿಕೆಟ್" ಅಂದ ಗುತ್ತಿಗೆಯವನು. "ಹೊರಗಿನ ಊಟ ಒಳಗೆ ಬಿಡಲ್ಲ." ಓಬಳಮ್ಮ ಅಲ್ಲೇ ಕೂತು ಗಂಟು ಬಿಚ್ಚಿ, ತುತ್ತು ಮಾಡಿ, "ತಗಳಪ್ಪ" ಎಂದು ಚಾಚಿದಳು. ಅವನು ಮುಖ ತಿರುಗಿಸಿದ. "ಅದನ್ನ ಆಚೆ ಚೆಲ್ಲಿ ಬಾ ಅಜ್ಜಿ." ಅವಳ ಕೈ ಚಾಚಿದ ಹಾಗೇ ಇತ್ತು. ನಾವು ವಾಪಸ್ ಬಂದೆವು. ಮೊಮ್ಮಕ್ಕಳು ಕ್ರಾಸಿನ ಬಸ್ ಸ್ಟ್ಯಾಂಡಿನಲ್ಲಿ ಧೂಳು ಕುಡಿಯುತ್ತ ಉಂಡವು. ಅವಳು ಉಣ್ಣಲಿಲ್ಲ. ಆ ನೀರು ಅವಳ ಕಾಲಿಗೆ ಮತ್ತೆ ಸಿಗಲಿಲ್ಲ.

ಹನ್ನೊಂದನೇ ಮೆಟ್ಟಿಲು ಈಗಲೂ ಮುರಿದೇ ಇದೆ. ಒಬ್ಬರ ಕೈ ಒಬ್ಬರು ಹಿಡಿಯದೆ ದಾಟಲಾಗುವುದಿಲ್ಲ. ಅಲ್ಲೊಂದು ಬೋರ್ಡು ಹಾಕಿದ್ದಾರಂತೆ, 'ಶಿಥಿಲವಾದ ಮೆಟ್ಟಿಲು, ಎಚ್ಚರಿಕೆ' ಎಂದು. ಶಿಥಿಲವಾಗಿಲ್ಲ. ಕಡಿದದ್ದು. ಕಲ್ಲಿನ ಕೆಲಸ ಬಲ್ಲ ಯಾರೇ ಆಗಲಿ ಕೈಯಿಟ್ಟು ನೋಡಲಿ, ಉಳಿಯ ಗೆರೆ ಬೆರಳಿಗೆ ಸಿಗುತ್ತದೆ. ಉಳಿದ ಐವತ್ತೆರಡು ಗಟ್ಟಿಯಾಗಿವೆ. ಯುಗಾದಿ ಹತ್ತಿರ ಬಂತು. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಹುಚ್ಚೆಳ್ಳು ಹುರಿಯಲು ಮಗಳಿಗೆ ಹೇಳಿದ್ದೇನೆ. ಒಂದು ಗಂಟಿನಲ್ಲಿ ಬುತ್ತಿ ಇರುತ್ತದೆ, ಇನ್ನೊಂದರಲ್ಲಿ ನನ್ನ ಉಳಿ ಸುತ್ತಿಗೆ. ಯಾವುದನ್ನು ಬಿಚ್ಚಬೇಕು ಎಂದು ಗುತ್ತಿಗೆಯವನೇ ಹೇಳಲಿ.